ಎರಡು ದನಿಯ ಡೈನೋಸಾರ್

ಪ್ರೀತಿಯ ಅತ್ತೆಗೆ,

ಒಂದೇ ಮನೆಯಲ್ಲಿದ್ದುಕೊಂಡು ಸೊಸೆ ಅತ್ತೆಗೆ ಪತ್ರ ಬರೆಯುವುದು ವಿಚಿತ್ರವೇ. ನೀವು ಈಗ ಪಕ್ಕದ ಕೋಣೆಯಲ್ಲಿ ನಿಮ್ಮ ಮೊಮ್ಮಗಳು ಸಮನ್ವಿತಾಳ ಯೂನಿಫಾರ್ಮಿಗೆ ಗುಂಡಿ ಹೊಲಿಯುತ್ತಿದ್ದೀರಿ. ಎದ್ದು ಬಂದು ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದರೆ ಸಾಕು, "ಹೊಗಳಿದ್ದು ಸಾಕು, ಕುಕ್ಕರ್ ಎಷ್ಟು ಸಲ ಕೂಗ್ತು ನೋಡ್ಹೋಗು" ಅಂದುಬಿಡುತ್ತೀರಿ. ಬೇರೆಯವರ ಬಾಯಿಗೆ ಮಾತು ಬರೆದುಕೊಡುವುದೇ ನನ್ನ ಕೆಲಸ. ನನ್ನ ಮಾತನ್ನೂ ಬರೆದೇ ಹೇಳುತ್ತೇನೆ, ಕೋಪಿಸಿಕೊಳ್ಳಬೇಡಿ.

ಮದುವೆಯಾಗಿ ಬಾಗಲಕೋಟೆಯಿಂದ ಕತ್ರಿಗುಪ್ಪೆಯ ಈ ಮನೆಗೆ ಬಂದ ಹೊಸದರಲ್ಲಿ ನನಗೆ ಬೆಳಗಾಗುತ್ತಿದ್ದುದೇ ನಿಮ್ಮ ದನಿಯಿಂದ. ಸಂಗೀತ ಪಾಠಕ್ಕೆ ಬಂದು ಹಾಲ್‌ನಲ್ಲಿ ಚಾಪೆ ಹಾಸಿ ಕೂತ ಮಕ್ಕಳು ಸರಳೆ ವರಸೆಯಲ್ಲಿ ತಪ್ಪಿದರೆ ನೀವು ಬೈಯುತ್ತಿರಲಿಲ್ಲ. ಅದೇ ಸಾಲನ್ನು ಒಮ್ಮೆ ಹಾಡಿ ತೋರಿಸುತ್ತಿದ್ದಿರಿ, ಅಷ್ಟೆ. ಒಮ್ಮೆ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಿದ ಮೇಲೆ ನಮ್ಮವ್ವ ನನಗೆ ಹೇಳಿದ್ದಳು: "ನಿಮ್ಮತ್ತಿ ಬರೇ 'ಊಟ ಆಯ್ತಾ' ಅಂದ್ರೂ ಹಾಡಿದಂಗ ಕೇಳಸ್ತೈತಿ ನೋಡವಾ."

ಆಮೇಲೆ ಥೈರಾಯ್ಡ್ ಗಂಟಿನ ಆಪರೇಷನ್ ಆಯಿತು. ಗಂಟು ಹೋಯಿತು, ನೀವು ಉಳಿದಿರಿ. ನಿಮ್ಮ ದನಿ ಮಾತ್ರ ಹಿಂದಿರುಗಲಿಲ್ಲ. ಗಂಟಲಿನ ಎರಡು ಸ್ವರತಂತುಗಳಲ್ಲಿ ಒಂದು ಅಲುಗಾಡುತ್ತಿಲ್ಲ, ಕೆಲವರಿಗೆ ಹೀಗಾಗುತ್ತದೆ, ಅಂದರು ಡಾಕ್ಟರು. ತಿಂಗಳುಗಟ್ಟಲೆ ಥೆರಪಿ ಮಾಡಿಸಿದ ಮೇಲೆ ಮಾತೇನೋ ಬಂತು. ಆದರೆ ಅದು ಒರಟಾದ, ಒಡಕು ದನಿ. ನಡುನಡುವೆ ಬರೀ ಗಾಳಿ. ಒಂದು ಮಧ್ಯಾಹ್ನ ಗ್ಯಾಸ್ ಏಜೆನ್ಸಿಯವನು ಫೋನಿನಲ್ಲಿ ನಿಮಗೆ "ಸಾರ್, ಮನೇಲಿ ಲೇಡೀಸ್ ಯಾರಾದ್ರೂ ಇದ್ರೆ ಕೊಡಿ ಸಾರ್" ಅಂದ. ನೀವು ಫೋನನ್ನು ನಿಧಾನವಾಗಿ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಿರಿ. ಆ ದಿನದಿಂದ ನೀವು ಯಾವ ಫೋನನ್ನೂ ಎತ್ತಲಿಲ್ಲ. ಶಿಷ್ಯರಿಗೆಲ್ಲ ಬೇರೆ ಟೀಚರನ್ನು ನೋಡಿಕೊಳ್ಳಿ ಅಂತ ನನ್ನಿಂದಲೇ ಮೆಸೇಜ್ ಹಾಕಿಸಿದಿರಿ. ಮನೆಯಲ್ಲಿ ಬೇಕಾದ್ದನ್ನು ಚಪ್ಪಾಳೆ ತಟ್ಟಿ, ಕೈಸನ್ನೆ ಮಾಡಿ ಹೇಳತೊಡಗಿದಿರಿ. ತಪ್ಪಿ ಒಂದು ಮಾತು ಹೊರಟರೂ ಮಾವ, "ಬೇಡ ಚೂಡಾ, ಸ್ಟ್ರೈನ್ ಆಗತ್ತೆ" ಅನ್ನುತ್ತಿದ್ದರು. ಅವರು ಪ್ರೀತಿಯಿಂದಲೇ ಅನ್ನುತ್ತಿದ್ದರು. ನಾವೆಲ್ಲರೂ ಪ್ರೀತಿಯಿಂದಲೇ ನಿಮ್ಮ ಮೌನಕ್ಕೆ ಒಗ್ಗಿಹೋದೆವು.

ಹೋದ ವರ್ಷ ಜೆ.ಪಿ. ನಗರದ ನಮ್ಮ ಡಬ್ಬಿಂಗ್ ಸ್ಟುಡಿಯೋಗೆ 'ಘರ್ಜನೆ ಗ್ಯಾಂಗ್' ಅನ್ನುವ ಕಾರ್ಟೂನ್ ಸರಣಿ ಕನ್ನಡಕ್ಕೆ ಡಬ್ ಆಗಲು ಬಂತು. ಐದು ಜನ ಹೈಸ್ಕೂಲ್ ಮಕ್ಕಳು ಸಮುದ್ರದಂಡೆಯ ಗುಹೆಯೊಂದರಲ್ಲಿ ಕಲ್ಲಾದ ಮೊಟ್ಟೆಗಳನ್ನು ಮುಟ್ಟುತ್ತಾರೆ. ಅವತ್ತಿನಿಂದ ಎದೆ ಜೋರಾಗಿ ಹೊಡೆದುಕೊಂಡಾಗಲೆಲ್ಲ ಅವರು ಡೈನೋಸಾರ್‌ಗಳಾಗಿಬಿಡುತ್ತಾರೆ. ಅವರಲ್ಲಿ ನೀಲಾ ಅನ್ನುವವಳು ಎಲ್ಲರಿಗಿಂತ ಸಣ್ಣಗಿರುವ, ನಾಚಿಕೆ ಸ್ವಭಾವದ ಹುಡುಗಿ. ಅವಳು ಬದಲಾದಾಗ ಮಾತ್ರ ತೆಂಗಿನಮರದೆತ್ತರದ ಕುತ್ತಿಗೆಯಿರುವ, ಸೊಪ್ಪು ತಿನ್ನುವ ಮಹಾಕಾಯದ ಪ್ರಾಣಿಯಾಗುತ್ತಾಳೆ. ಆ ರೂಪದಲ್ಲೂ ಅವಳು ಮಾತಾಡುತ್ತಾಳೆ. ನಮಗೆ ಕಷ್ಟವಾದದ್ದೇ ಅಲ್ಲಿ.

ಹುಡುಗಿ ನೀಲಾಳ ದನಿಗೆ ಅರೆಕೆರೆಯ ಲಿಖಿತಾ ಸಿಕ್ಕಿದ್ದಳು, ಚೆನ್ನಾಗಿಯೇ ಮಾಡುತ್ತಿದ್ದಳು. ಆದರೆ ಡೈನೋಸಾರ್ ನೀಲಾ? ಅದೇ ಹುಡುಗಿ ಒಳಗಿದ್ದಾಳೆ ಅನ್ನಿಸಬೇಕು, ಆದರೆ ಕೋಟಿ ವರ್ಷದ ಪ್ರಾಣಿಯೊಂದು ಮಾತಾಡುತ್ತಿದೆ ಅಂತಲೂ ಅನ್ನಿಸಬೇಕು. ಲಿಖಿತಾಳ ದನಿಯನ್ನೇ ಯಂತ್ರದಲ್ಲಿ ಇಳಿಸಿ ನೋಡಿದರೆ ಕೆಟ್ಟುಹೋದ ಗ್ರೈಂಡರ್ ತಿರುಗಿದ ಹಾಗಿತ್ತು. ದೊಡ್ಡ ದನಿಯ ನಟರನ್ನು ಕರೆಸಿದರೆ ಪೌರಾಣಿಕ ನಾಟಕದ ರಾಕ್ಷಸನಂತೆ ಅಬ್ಬರಿಸಿದರು. ರೆಕಾರ್ಡಿಂಗ್ ನೋಡಿಕೊಳ್ಳುವ ರವಿಕುಮಾರ್ ತಲೆ ಮೇಲೆ ಕೈ ಹೊತ್ತು ಕೂತ. "ಮೇಡಂ, ಈ ವಾಯ್ಸ್ ಮನುಷ್ಯರ ಹತ್ರ ಇಲ್ಲ ಅನ್ಸತ್ತೆ" ಅಂದ.

ಆ ಸಂಜೆ ನಾನು ಲ್ಯಾಪ್‌ಟಾಪಿನಲ್ಲಿ ದನಿಯಿಲ್ಲದ ದೃಶ್ಯವನ್ನು ಹಾಕಿಕೊಂಡು, ಡೈನೋಸಾರಿನ ಬಾಯಿಯ ಚಲನೆಗೆ ತಕ್ಕ ಮಾತು ಹುಡುಕುತ್ತಿದ್ದೆ. ಬಾಯಿ ಅಗಲವಾಗಿ ತೆರೆದಿರುವಾಗ 'ಮ' ಬರುವಂತಿಲ್ಲ, 'ಪ' ಬರುವಂತಿಲ್ಲ, 'ಆ'ಕಾರವೇ ಬೇಕು. ನಾನು ಹಾಗೆ ಗೊಣಗುತ್ತಿದ್ದರೆ ಬಟಾಣಿ ಬಿಡಿಸುತ್ತ ಕೂತಿದ್ದ ನಿಮಗೆ ಯಾಕೋ ತಡೆಯಲಾಗಲಿಲ್ಲ. "ಓಡ್ಬೇಡ ಅನ್ನೋ ಬದ್ಲು 'ಓಡಬ್ಯಾಡಾ' ಅಂತ ಎಳೀಬೋದಲ್ಲೇ" ಅಂದಿರಿ. ಎಷ್ಟೋ ದಿನದ ಮೇಲೆ ಬಂದ ಇಡೀ ವಾಕ್ಯ ಅದು. ಸಮನ್ವಿತಾ ತಟ್ಟನೆ ತಿರುಗಿ, ಕಣ್ಣರಳಿಸಿ, "ಅಜ್ಜೀ, ನಿನ್ ವಾಯ್ಸು ಡೈನೋಸಾರ್ ತರಾನೇ ಇದೆ!" ಅಂದಳು.

ಮಾವ ಪೇಪರ್ ಕೆಳಗಿಳಿಸಿದರು. ಮಗಳಿಗೆ ಬೈಯಬೇಕೆಂದು ನಾನು ಏಳುವುದರೊಳಗೆ ನೀವು ಬಟಾಣಿಯ ತಟ್ಟೆಯನ್ನು ಪಕ್ಕಕ್ಕಿಟ್ಟಿರಿ. ಮೊಮ್ಮಗಳ ಮುಖವನ್ನೇ ನೋಡಿದಿರಿ. ಆ ಮುಖದಲ್ಲಿ ಅಪಹಾಸ್ಯ ಇರಲಿಲ್ಲ, ಬರೀ ಬೆರಗಿತ್ತು. ಅವಳ ಲೋಕದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯೇ ಇರಲಿಲ್ಲ. ನೀವು ಬಗ್ಗಿ ಅವಳ ಕಿವಿಯ ಹತ್ತಿರ, "ಹೌದೇನೇ?" ಅಂದಿರಿ. ಅವಳು ಖುಷಿಯಿಂದ ಕಿರುಚಿ ಸೋಫಾದ ಹಿಂದೆ ಓಡಿದಳು. ನೀವು ನಕ್ಕಿರಿ ಅತ್ತೆ. ಆ ನಗುವೂ ಒಡಕಾಗಿಯೇ ಇತ್ತು, ಆದರೆ ಅವತ್ತು ನೀವು ಅದನ್ನು ಸೆರಗಿನಿಂದ ಮುಚ್ಚಿಕೊಳ್ಳಲಿಲ್ಲ.

ಮಾರನೆಯ ದಿನ ಹೆದರುತ್ತಲೇ ಕೇಳಿದೆ. ಮಾವ ಒಪ್ಪಲಿಲ್ಲ. "ಅಲ್ಲಮ್ಮ, ಇಷ್ಟ್ ವರ್ಷ ಸಂಗೀತ ಹೇಳ್ಕೊಟ್ಟೋಳು ಈಗ ಕಾರ್ಟೂನಲ್ಲಿ ಪ್ರಾಣಿ ತರ ಕಿರ್ಚೋದಾ? ಹಳೇ ಸ್ಟೂಡೆಂಟ್ಸ್ ಕೇಳಿದ್ರೆ ಏನಂದ್ಕೊಳ್ತಾರೆ?" ಅವರ ಕಣ್ಣಲ್ಲಿ ನೀರಿತ್ತು. ಜನ ನಿಮ್ಮನ್ನು ನೋಡಿ ನಗುತ್ತಾರೆ ಅನ್ನುವ ಭಯ ಅವರಿಗೆ. ನೀವು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, "ಸುಮ್ನೆ ಕೂತು ಕೂತು ಸಾಕಾಗಿದೆ ರೀ" ಅಂದಿರಿ. ಅಷ್ಟೆ. ಮಾವ ಲೋಟ ಕೈಗೆತ್ತಿಕೊಂಡರು.

ಸ್ಟುಡಿಯೋದ ಮೊದಲ ದಿನ ನೆನಪಿದೆಯಾ? ನೀವು ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಿರಿ. ಅದು ಸರಬರ ಅನ್ನುವ ಸದ್ದು ಮೈಕಿಗೆ ಬಿತ್ತು. ರವಿಕುಮಾರ್ ಸಂಕೋಚದಿಂದ, "ಅಮ್ಮ, ಸ್ವಲ್ಪ ಅಲ್ಲಾಡ್ದೆ ನಿಂತ್ಕೊತೀರಾ?" ಅಂದ. ಗಾಜಿನಾಚೆ, ಆ ಪುಟ್ಟ ಕತ್ತಲೆ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ನೀವು ತೀರಾ ಸಣ್ಣಗೆ ಕಂಡಿರಿ. ಮೊದಲ ಮಾತು ಅರ್ಧಕ್ಕೇ ಗಾಳಿಯಾಯಿತು. ಎರಡನೆಯದಕ್ಕೆ ಕೆಮ್ಮು ಬಂತು. ಆಮೇಲೆ ದನಿ ಬಂದರೆ ಪರದೆಯ ಬಾಯಿಗೆ ಹೊಂದಲಿಲ್ಲ, ಬಾಯಿಗೆ ಹೊಂದಿದರೆ ದನಿ ಬರಲಿಲ್ಲ. ನಿಮ್ಮನ್ನು ಇಲ್ಲಿಗೆ ಕರೆತಂದು ನೋಯಿಸಿದೆನಲ್ಲ ಅನ್ನಿಸಿತು. "ಇವತ್ತಿಗೆ ಸಾಕು ಮಾಡೋಣ" ಅಂತ ರವಿಕುಮಾರ್‌ಗೆ ಸನ್ನೆ ಮಾಡಿದೆ. ನೀವು ಗಾಜಿನಾಚೆಯಿಂದ ಅದನ್ನು ನೋಡಿಬಿಟ್ಟಿರಿ.

"ಇನ್ನೊಂದ್ಸಲ ತೋರಿಸಪ್ಪ. ಮಾತಾಡಲ್ಲ, ಬರೀ ನೋಡ್ತೀನಿ" ಅಂದಿರಿ. ಅವನು ತೋರಿಸಿದ. ಮತ್ತೆ ತೋರಿಸಿದ. ನೀವು ಪರದೆಯ ಮೇಲಿನ ಆ ದೈತ್ಯ ಬಾಯಿಯನ್ನೇ ನೋಡುತ್ತ ತೊಡೆಯ ಮೇಲೆ ಬೆರಳು ಮಡಿಚಿ ತಾಳ ಹಾಕತೊಡಗಿದಿರಿ. ಬಾಯಿ ತೆರೆಯುವುದು ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ; ಕುತ್ತಿಗೆ ತಿರುಗುವುದು ಅರ್ಧ ಅಕ್ಷರ ಬಿಟ್ಟು. ನಾವು ಯಾರೂ ಆ ಪ್ರಾಣಿಯನ್ನು ಹಾಗೆ ನೋಡಿರಲಿಲ್ಲ. ಆಮೇಲೆ ನೀವು ತಲೆಯಾಡಿಸಿದಿರಿ. ಕೆಂಪು ದೀಪ ಹತ್ತಿತು.

"ಓಡಬ್ಯಾಡಾ... ನಾನು ನೀಲಾ..."

ಅತ್ತೆ, ಆ ಕ್ಷಣವನ್ನು ನಾನು ಹೇಗೆ ಬರೆಯಲಿ? ಒಂದೇ ಗಂಟಲಿನಿಂದ ಎರಡು ದನಿ ಹೊರಟವು. ಕೆಳಗೆ ಬಂಡೆ ಜರುಗಿದಂಥ ಒಂದು ಸದ್ದು. ಅದರ ಮೇಲೆ, ಅದೇ ಉಸಿರಿನಲ್ಲಿ, ತೆಳ್ಳಗಿನ ಇನ್ನೊಂದು, ಕತ್ತಲಲ್ಲಿ ಹೆದರಿ ಕರೆಯುವ ಹುಡುಗಿಯದು. ಮನೆಯಲ್ಲಿ ಇಷ್ಟು ಕಾಲ ನಾವು ಅದನ್ನು ಕೆಟ್ಟುಹೋದ ದನಿ ಅಂದುಕೊಂಡಿದ್ದೆವು. ಸ್ಪೀಕರಿನಲ್ಲಿ ಅದು ಕೋಣೆಯನ್ನೆಲ್ಲ ತುಂಬಿಕೊಂಡು ನಿಂತಿತು. ಪರದೆಯ ಮೇಲಿದ್ದುದು ಬರೀ ಬಣ್ಣದ ಚಿತ್ರ ಅನ್ನುವುದು ಮರೆತೇಹೋಯಿತು. ಅದಕ್ಕೆ ಜೀವ ಬಂದಿತ್ತು, ವಯಸ್ಸು ಬಂದಿತ್ತು, ಒಳಗೊಂದು ದುಃಖವೂ ಬಂದಿತ್ತು. ಹಿಂದೆ ಕೂತಿದ್ದ ಲಿಖಿತಾ, "ಅಯ್ಯೋ ಅಕ್ಕ, ಅದು ನಾನೇ ಅನ್ನಿಸ್ತು" ಅಂತ ಪಿಸುಗುಟ್ಟಿದಳು. ರವಿಕುಮಾರ್ ಬಟನ್ ಒತ್ತಿ ಮೈಕಿನಲ್ಲಿ, "ಅಮ್ಮ, ಸಖತ್" ಅಂದವನು ನಾಲಿಗೆ ಕಚ್ಚಿಕೊಂಡು, "ತುಂಬ ಚೆನ್ನಾಗ್ ಬಂತು ಅಮ್ಮ" ಅಂದ.

ಹಾಗೆ ಕಂತಿನ ಮೇಲೆ ಕಂತು ಮುಗಿಯಿತು. ನೀವು ಬಿಸಿನೀರಿನ ಫ್ಲಾಸ್ಕ್ ಹಿಡಿದು, ಸದ್ದು ಮಾಡದ ಹತ್ತಿಸೀರೆ ಉಟ್ಟು, ನನ್ನ ಜೊತೆ ಆಟೋ ಹತ್ತುತ್ತಿದ್ದಿರಿ. ಒಮ್ಮೆ ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಆಟೋ ಡ್ರೈವರ್ ಚಿಲ್ಲರೆ ಇಲ್ಲ ಅಂತ ತಕರಾರು ತೆಗೆದಾಗ ನೀವೇ ಬಾಯಿಬಿಟ್ಟು ಮಾತಾಡಿದಿರಿ. ಅವನು ಬೆಚ್ಚಿ ತಿರುಗಿ ನೋಡಿದ. ನೀವು ಅದಕ್ಕೆ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ.

ಕೊನೆಯ ಕಂತಿನ ದೃಶ್ಯ ಬಂದಾಗ ಮಾತ್ರ ನಾನು ಹಿಂಜರಿದೆ. ಬಿರುಗಾಳಿಯಲ್ಲಿ ಉಳಿದ ಒಂದೇ ಒಂದು ಮೊಟ್ಟೆಯನ್ನು ನೀಲಾ ತನ್ನ ಆ ದೊಡ್ಡ ಕುತ್ತಿಗೆಯಿಂದ ಸುತ್ತಿಕೊಂಡು ಗುನುಗುತ್ತಾಳೆ. ಮಾತಿಲ್ಲ, ಬರೀ ರಾಗ. ಚಾನೆಲ್‌ನವರು, "ಅಷ್ಟನ್ನ ಯಾರಾದ್ರೂ ಸಿಂಗರ್ ಹತ್ರ ಮಾಡಿಸಿಬಿಡಿ" ಅಂದಿದ್ದರು. ರವಿಕುಮಾರ್ ಅದನ್ನೇ ನಿಮಗೆ ಮೆತ್ತಗೆ ಹೇಳಿದ: "ಅಮ್ಮ, ಹಾಡೋದು ಬೇರೆಯವ್ರು ಮಾಡ್ತಾರೆ. ನಿಮ್ಗೆ ಕಷ್ಟ ಬೇಡ." ಒಳ್ಳೆಯ ಹುಡುಗ, ಅವನಿಗೆ ನಿಮ್ಮ ಹಿಂದಿನದೇನೂ ಗೊತ್ತಿರಲಿಲ್ಲ. ನಾನು ನೆಲ ನೋಡುತ್ತಿದ್ದೆ. ನೀವು ಹೊರಗೆ ಬರಲಿಲ್ಲ. ಹೆಡ್‌ಫೋನ್ ತೆಗೆಯಲಿಲ್ಲ. "ಸಿಂಗರ್ ಇಲ್ಲೇ ನಿಂತಿದಾಳಪ್ಪ, ಹಾಕು" ಅಂದಿರಿ.

ಆಪರೇಷನ್ ಆದ ಮೇಲೆ ನೀವು ಹಾಡಿದ್ದು ಅದೇ ಮೊದಲು. ಮೇಲಿನ ಸ್ವರಗಳಿಗೆ ನೀವು ಹೋಗಲಿಲ್ಲ. ಕೆಳಗೆ, ತೀರಾ ಕೆಳಗೆ, ಷಡ್ಜವನ್ನು ಹಿಡಿದು ನಿಂತಿರಿ. ಅದು ನಡುಗಿತು. ಒಮ್ಮೆ ಜಾರಿತು. ನೀವು ಕಣ್ಣು ಮುಚ್ಚಿ ಅದು ಮರಳುವ ತನಕ ಕಾದಿರಿ, ಮಕ್ಕಳಿಗಾಗಿ ಕಾಯುತ್ತಿದ್ದ ಹಾಗೆಯೇ. ಅದು ಮರಳಿತು. ಅದರ ನೆತ್ತಿಯ ಮೇಲೆ ಆ ತೆಳ್ಳಗಿನ ದನಿಯೂ ಬಂದು ಕೂತಿತು. ಎರಡೂ ಸೇರಿ ಮೆಲ್ಲಗೆ ಗಾಂಧಾರಕ್ಕೆ ಏರಿ ಇಳಿದವು. ಪರದೆಯ ಮೇಲೆ ಮೊಟ್ಟೆ ಬಿರಿಯಿತು.

ಮುಗಿದ ಮೇಲೆ ನೀವು ರೆಕಾರ್ಡಿಂಗನ್ನು ಕೇಳಿಸಿಕೊಂಡು ನನ್ನ ಕಡೆ ತಿರುಗಿದಿರಿ. "ನನ್ ಶ್ರುತಿ ಎಲ್ಲೂ ಹೋಗಿಲ್ಲ ಕಣೇ ಪ್ರಿಯಾ. ಜೊತೆಗೆ ಇನ್ನೊಂದು ಬಂದಿದೆ, ಅಷ್ಟೆ."

ಆಟೋದಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಧೂಳು ಬಿತ್ತು ಅಂದೆ. ನೀವು ನಂಬಿದ ಹಾಗೆ ಮಾಡಿದಿರಿ.

ಇವತ್ತು ಬೆಳಿಗ್ಗೆ ಆ ಕೊನೆಯ ಕಂತು ಟಿವಿಯಲ್ಲಿ ಬಂತು. ನೀವು ನಾಚಿಕೊಂಡು ಅಡುಗೆಮನೆ ಸೇರಿದ್ದಿರಿ, ಹಾಗಾಗಿ ಪೂರ್ತಿ ನೋಡಲಿಲ್ಲ. ಅದಕ್ಕೇ ಈ ಪತ್ರ. ಸಮನ್ವಿತಾ ನೆಲದ ಮೇಲೆ ಕೂತಿದ್ದಳು. ಮಾವ ಅವಲಕ್ಕಿ ತಿನ್ನುತ್ತ ಸೋಫಾದಲ್ಲಿದ್ದರು. ಇಷ್ಟು ದಿನವೂ ಅವರು ಈ ಕಾರ್ಟೂನ್ ಬರುವ ಹೊತ್ತಿಗೆ ಸರಿಯಾಗಿ ವಾಕಿಂಗ್ ಹೋಗಿಬಿಡುತ್ತಿದ್ದರು, ನಿಮಗೂ ಗೊತ್ತು. ಇವತ್ತು ಹೋಗಲಿಲ್ಲ. ಗುನುಗು ಶುರುವಾಯಿತು. ಅವರ ಚಮಚ ಅರ್ಧದಲ್ಲಿ ನಿಂತಿತು. ನೋಡುತ್ತಿದ್ದ ಹಾಗೆ ಮಾವ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತರು. ಒಂದು ಕಾರ್ಟೂನಿನ ಮುಂದೆ, ಆ ವಯಸ್ಸಿನ ಮನುಷ್ಯ, ನೆಟ್ಟಗೆ ನಿಂತಿದ್ದರು. ಬಾಗಿಲ ಸಂದಿಯಿಂದ ಇಣುಕಿದ ನೀವು, "ಯಾಕ್ರೀ ನಿಂತ್ಬಿಟ್ರಿ, ಕೂತ್ಕೊಳ್ಳಿ" ಅಂದಿರಿ.

ಅವರು ತಿರುಗಲಿಲ್ಲ. ಮಾತಾಡಿದವರು ಯಾರೆಂದೂ ನೋಡದೆ ಕೈಯೆತ್ತಿ ತಡೆದರು.

"ಸ್ವಲ್ಪ ಇರಮ್ಮ. ನನ್ ಹೆಂಡ್ತಿ ಹಾಡ್ತಿದಾಳೆ."

ನೀವು ಆಗಲೇ ಒಳಗೆ ಹೋಗಿಬಿಟ್ಟಿದ್ದಿರಿ, ಒಗ್ಗರಣೆ ಸದ್ದಿನಲ್ಲಿ ನಿಮಗದು ಕೇಳಿಸಿರಲಾರದು. ನನಗೆ ಕೇಳಿಸಿತು. ಅದು ನಿಮಗೆ ಸೇರಬೇಕಾದ ಮಾತು, ನನ್ನಲ್ಲಿ ಇಟ್ಟುಕೊಳ್ಳಲಾರೆ.

ನಿಮ್ಮ ಎರಡೂ ದನಿಗಳು ನೂರು ಕಾಲ ಈ ಮನೆ ತುಂಬಿರಲಿ ಅತ್ತೆ. ಕಾಲಿಗೆ ನಮಸ್ಕಾರ ಮಾಡಿದ್ದೇನೆ, ಹರಸಿ.

ನಿಮ್ಮ ಸೊಸೆ,
ಪ್ರಿಯಾಂಕಾ