ಟಾವೆಲ್ ಕೆಳಗಿನ ಲ್ಯಾಪ್‌ಟಾಪ್

ನವೆಂಬರ್ ೧೦, ಸಂಜೆ

ಮತ್ತೆ ಹ್ಯಾಂಗ್. ಮದುಮಗಳ ಮುಖ ಅರ್ಧ ತಿದ್ದಿದ್ದೆ, ಸ್ಟುಡಿಯೋದ ಕಂಪ್ಯೂಟರ್ ನಿಂತೇಬಿಟ್ಟಿತು. ಅಷ್ಟರಲ್ಲಿ ಮಾಲೀಕ ಸುನೀಲಣ್ಣ ಬಂದ.

"ಶೀತಲ್, ಮದುವಿ ಸೀಸನ್ ಬಂತು. ಇಪ್ಪತ್ತೆರಡನೇ ತಾರೀಖಿಗೆ ಒಂದು ಆಲ್ಬಮ್ ನಿನ್ನ ಲ್ಯಾಪ್‌ಟಾಪ್‌ದಾಗ ಮಾಡಿ ತೋರಸು. ಸೀಸನ್ ಪೂರಾ ಕೆಲಸ ನಿನಗ. ಇಲ್ಲಾಂದ್ರ ಧಾರವಾಡದ ಹುಡುಗಗ ಕೊಡ್ತೇನಿ ನೋಡವಾ."

ನನ್ನ ಲ್ಯಾಪ್‌ಟಾಪ್ ಅಂತೆ! ಎಲ್ಲಿದೆ?

ನಮ್ಮೂರು ದೊಡವಾಡದ ಬಸ್ಸಿನಲ್ಲಿ ಅದೇ ಯೋಚನೆ. ಈ ಕೆಲಸ ಬಿಡಲಾರೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ.

ನವೆಂಬರ್ ೧೨

ಲ್ಯಾಪ್‌ಟಾಪ್ ವಿಡಿಯೋ ನೋಡಿ ನೋಡಿ ತಲೆ ಚಿಟ್ಟು ಹಿಡಿಯಿತು. ಒಬ್ಬ ತಗೋ ಅಂದದ್ದನ್ನು ಇನ್ನೊಬ್ಬ ಮುಟ್ಟಬೇಡ ಅನ್ನುತ್ತಾನೆ. ನಮ್ಮ ದುಡ್ಡಿಗೆ ಎರಡೇ ದಾರಿ. ಹೊಸದು — ತೆಳ್ಳಗೆ, ಬ್ಯಾಗ್ ಫ್ರೀ, ಒಳಗೆ ಮೆಮೊರಿ ಬರೀ ನಾಲ್ಕು ಜಿಬಿ. ಸೆಕೆಂಡ್ ಹ್ಯಾಂಡ್ — ದಪ್ಪ, ಮೂಲೆ ಸವೆದದ್ದು, ಹದಿನಾರು ಜಿಬಿ.

ಅಪ್ಪನಿಗೆ ಹೇಳಿದೆ. ದನದ ವ್ಯಾಪಾರದವನು, ಅವನಿಗೆ ಎಲ್ಲವೂ ಎತ್ತೇ. "ಮೈಬಣ್ಣಕ್ಕ ಮರುಳಾಗಬ್ಯಾಡ. ನೊಗಕ್ಕ ಹೂಡಿ ನೋಡಿ ತಗೋಬೇಕು."

ಹೌದಲ್ಲ! ಪೆನ್‌ಡ್ರೈವ್‌ಗೆ ಒಂದು ಆಲ್ಬಮ್ ಹಾಕಿಕೊಂಡೆ.

ನವೆಂಬರ್ ೧೫

ಸಿಟ್ಟು. ಯಾರ ಮೇಲೆ ಅಂತ ಗೊತ್ತಿಲ್ಲ.

ಅಪ್ಪನ ಜೊತೆ ಹೋಗಿ ಬೈಲಹೊಂಗಲದ ಅಂಗಡಿಯಲ್ಲಿ ಎರಡಕ್ಕೂ ಪೆನ್‌ಡ್ರೈವ್ ಹಾಕಿ ನೋಡಿದೆ. ಹಳೆಯದು ಆಲ್ಬಮ್ಮನ್ನು ತಟ್ಟನೆ ಬಿಚ್ಚಿತು. ಹೊಸದರಲ್ಲಿ ಚಕ್ರ ತಿರುಗಿತು, ತಿರುಗಿತು… ಹಳೆಯದೇ ಅಂತ ಮನಸ್ಸಿನಲ್ಲಿ ನಿಕ್ಕಿ ಮಾಡಿದೆ. ಅಪ್ಪನಿಗೆ ಹೇಳುವ ಮೊದಲೇ ಸುನೀಲಣ್ಣನ ಫೋನ್ ಬಂತು, ಹೊರಗೆ ಹೋದೆ.

ಒಳಗೆ ಬಂದರೆ ಅಂಗಡಿಯವನ ಕೈ ಮೇಲೆ ಅಪ್ಪನ ಟಾವೆಲ್. ಅಯ್ಯೋ ಅಪ್ಪಾ, ಟಾವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟಲು ಇದೇನು ದನದ ಸಂತೆಯೇ? ಅಂಗಡಿಯವನು ನಗುತ್ತ ಕೈ ಅದುಮಿದ. ವ್ಯವಹಾರ ಮುಗಿಯಿತು. ಹೊಸದಕ್ಕೆ!

"ಮಂದಿ ಹೂಡಿಬಿಟ್ಟದ್ದು ನನ್ನ ಮಗಳಿಗ್ಯಾಕ? ಬೆಲಿ ಹೆಂಗ ಇಳಿಸಿದೆ ನೋಡಿದ್ಯಾ?"

ಅವನ ಹಿಗ್ಗಿದ ಮುಖ ನೋಡಿ ಹೊಸದರ ಬ್ಯಾಗ್ ಹೆಗಲಿಗೆ ಹಾಕಿಕೊಂಡೆ. ಸಂತೆಯಲ್ಲಿ ನಮ್ಮಪ್ಪ ಮಲಕಾಜಪ್ಪ ಬೆರಳು ಹಿಡಿದ ಮೇಲೆ ಮಾತು ತಿರುಗಿಸಿದ್ದಿಲ್ಲ ಅಂತ ಹೆಸರು.

ನವೆಂಬರ್ ೧೬

ಅವ್ವ ಕುಂಕುಮ ಹಚ್ಚಿ ಕಾಯಿ ಒಡೆದಳು. ಓಣಿಯವರು ಬಂದು ನೋಡಿ ಹೋದರು. ಆಲ್ಬಮ್ ತೆರೆಯಲು ಕೊಟ್ಟು ಚಹಾ ಮಾಡಿಕೊಂಡು ಬಂದೆ. ಚಕ್ರ ಇನ್ನೂ ತಿರುಗುತ್ತಿತ್ತು.

"ಹೆಂಗ ನಡದೈತಿ?" ಅಂದ ಅಪ್ಪ.

"ಭಾಳ ಚಲೋ ಐತಿ."

ನವೆಂಬರ್ ೧೯, ಮಧ್ಯಾಹ್ನ

ಮೂರು ಪುಟವೂ ಮುಗಿದಿಲ್ಲ. ಸೇವ್ ಕೊಟ್ಟರೆ ಕಪ್ಪು ಪರದೆ. ಅತ್ತುಬಿಟ್ಟೆ.

ಅಪ್ಪ ಯಾವಾಗ ಬಂದು ಹಿಂದೆ ಕೂತನೋ. ಪರದೆಯನ್ನೇ ನೋಡುತ್ತಿದ್ದ.

"ಇದು ನೊಗ ಇಟ್ಟ ಕೂಡ್ಲೇ ಕುಂದರೂ ಎತ್ತು ಐತಲ್ಲವಾ! ಯಾಕ ಹೇಳಲಿಲ್ಲ?"

"ನೀ ಟಾವೆಲ್ ಕೆಳಗ ಬೆರಳು ಹಿಡದುಬಿಟ್ಟಿದ್ದಿ…"

ಅಪ್ಪ ಊಟಕ್ಕೂ ಏಳಲಿಲ್ಲ. ಸುಳ್ಳು ಹೇಳಿದ್ದೇ ತಪ್ಪಾಯಿತೋ, ಈಗ ಅತ್ತದ್ದೋ…

ನವೆಂಬರ್ ೨೦, ಅಂಗಡಿಯ ಮುಂದಿನ ಕಟ್ಟೆ

ಬೆಳಿಗ್ಗೆ ಅಪ್ಪನೇ ಬ್ಯಾಗ್ ಹೆಗಲಿಗೆ ಹಾಕಿಕೊಂಡ. "ಸಂತ್ಯಾಗ ಕುಂತ ಎತ್ತು ಎಂಟು ದಿನದಾಗ ವಾಪಸ್ ತಗೋತಾರ. ಬಾ." ನನ್ನನ್ನು ಹೊರಗೇ ಕೂರಿಸಿ ಒಳಗೆ ಹೋಗಿದ್ದಾನೆ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಾಜಿನಲ್ಲಿ ಕಾಣುತ್ತಿದೆ. ಅಂಗಡಿಯವನು ತಲೆ ಅಲ್ಲಾಡಿಸುತ್ತಿದ್ದಾನೆ. ಗಿರಾಕಿಗಳು ತಿರುಗಿ ನೋಡುತ್ತಿದ್ದಾರೆ. ಅಪ್ಪ ಟಾವೆಲ್ ತೆಗೆದು ಟೇಬಲ್ ಮೇಲೆ ಇಟ್ಟ. ಕೈ ಚಾಚಿದ. ಮೇಲೆ ಏನೂ ಮುಚ್ಚಿಲ್ಲ. ಎಲ್ಲರ ಎದುರಿಗೇ ಬದಲಿಸಿಕೊಡು ಅಂತ ಕೇಳುತ್ತಿದ್ದಾನೆ. ನನ್ನ ಅಪ್ಪ! ಸಾಕು, ಹೊರಗೆ ಬಾರೋ ಅಪ್ಪಾ, ಆಲ್ಬಮ್ ಹಾಳಾಗಿ ಹೋಗಲಿ…

ಅಂಗಡಿಯವನು ಒಳಗೆ ಹೋದ.

ಬಂದ. ಕೈಯಲ್ಲಿ ಆ ಮೂಲೆ ಸವೆದ ಹಳೆಯದು. ಅಪ್ಪ ಅದನ್ನು ಮುಟ್ಟಲೇ ಇಲ್ಲ. ನನ್ನ ಕಡೆ ತಿರುಗಿ ಪೆನ್‌ಡ್ರೈವ್ ತಾ ಅಂತ ಸನ್ನೆ ಮಾಡುತ್ತಿದ್ದಾನೆ, ಈ ಸಲ ಹೂಡಿ ನೋಡಿಯೇ ತಗೊಳ್ಳುವುದಂತೆ! ಎದ್ದೆ —