ಸೆರಗಿನ ಹಿಂದಿನ ಮಾತು

ಮಾವಾರ,

ನಿಮ್ಮ ಕುರ್ಚಿಯ ಎದುರಿಗೇ ಕುಳಿತು ಬರೆಯುತ್ತಿದ್ದೇನೆ. ನೀವಿದ್ದಿದ್ದರೆ "ಮಾರಿ ಕಾಣೂ ಹಂಗ ಕುಂಡ್ರವ್ವಾ" ಎನ್ನುತ್ತಿದ್ದಿರಿ.

ಸದಲಗಾದ ಈ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು ನೆನಪಿದೆಯೇ? ಚಿಕ್ಕೋಡಿಯ ಕಾಲೇಜಿನಲ್ಲಿ ಗಟ್ಟಿ ದನಿಯಲ್ಲಿ ಕವಿತೆ ಪಾಠ ಮಾಡುವವಳು, ಮನೆಯಲ್ಲಿ ಮಾತ್ರ ಅತ್ತೆಯವರು ಕಲಿಸಿದಂತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ ನಿಮ್ಮೊಂದಿಗೆ ಮಾತನಾಡುತ್ತಿದ್ದೆ. ಮಾವನೆದುರು ಸೊಸೆ ಹಾಗಿರುವುದೇ ರೀತಿ. ವರ್ಷಗಳು ಕಳೆದಂತೆ ನೀವು ನನಗೆ ಉತ್ತರ ಕೊಡುವುದೇ ಕಡಿಮೆಯಾಯಿತು. ಸಿಟ್ಟಿನ ಮನುಷ್ಯ, ಕಲಿತ ಸೊಸೆ ಬೇಡವಾಗಿತ್ತೇನೋ ಎಂದುಕೊಂಡೆ. ಒಂದು ಸಲ ಸೆರಗು ಇಳಿಸಿ ನೋಡಿದ್ದರೆ...

ಹಾಲಿನ ಡೇರಿಗೆ ಹೋಗುವುದನ್ನು ನೀವು ಬಿಟ್ಟಾಗ ಕಾರಣ ತಿಳಿಯಿತು. ಅಲ್ಲಿನ ಕಟ್ಟೆಯ ಮೇಲೆ ಗೆಳೆಯರು ಯಾರದೋ ಸಾವಿನ ಸುದ್ದಿ ಮಾತನಾಡುವಾಗ, ಏನೂ ಕೇಳಿಸದೆ, ಹರಟೆಯಿರಬೇಕೆಂದು ನೀವು ನಕ್ಕುಬಿಟ್ಟಿದ್ದಿರಿ. ಅಂದಿನಿಂದ ಹೊರಗೆ ಕಾಲಿಡಲಿಲ್ಲ. ನಿಮ್ಮ ಮಗ ಮಿರಜಿನಿಂದ ಕಿವಿಯ ಮಷಿನ್ ತಂದುಕೊಟ್ಟರೆ, "ಸಂತಿಯೆಲ್ಲಾ ಕಿವ್ಯಾಗ ಬಂದು ಕುಂತಂಗ ಆಗತೈತಿ" ಎಂದು ಮದುವೆಯ ರುಮಾಲಿನ ಜೊತೆ ಪೆಟ್ಟಿಗೆಗೆ ಸೇರಿಸಿದಿರಿ.

ಆಮೇಲೆ ಮಷಿನ್ ಕೊಟ್ಟ ಮಿರಜಿನ ಆಸ್ಪತ್ರೆಯವರೇ ಫೋನಿಗೆ ಪಾಠ ಕಳಿಸತೊಡಗಿದರು. ವಾರಕ್ಕೊಂದು ವಿಡಿಯೊ, ನಿಮಗೆ ಓದಲು ಬರುವ ಮರಾಠಿಯಲ್ಲಿ, ಮಾತು ಕೆಳಗೆ ಅಕ್ಷರದಲ್ಲೂ ಬರುತ್ತಿತ್ತು. ಎಪ್ಪತ್ತು ದಾಟಿದ ನೀವು ಪೆನ್ಸಿಲು, ನೋಟುಬುಕ್ಕು ಹಿಡಿದು ಕುಳಿತದ್ದು ನನ್ನ ಕಣ್ಣಿಗೆ ಕಟ್ಟಿದೆ. ಮೊದಲ ಪಾಠ: ದಿನಕ್ಕೊಂದು ತಾಸು ಸದ್ದಿಲ್ಲದ ಕಡೆ ಮಷಿನ್ ಹಾಕಿ, ಕೇಳಿಸಿದ್ದನ್ನೆಲ್ಲ ಬರೆಯಬೇಕು. ನೀವು ಎಮ್ಮೆ ಮೇವು ತಿನ್ನುವ ಗೋದಲಿಯ ಪಕ್ಕದಲ್ಲಿ ಕುಳಿತು ಬರೆದಿರಿ. "ಎಮ್ಮಿ ಮೆಲುಕು ಹಾಕೂದೂ ಸಪ್ಪಳ ಮಾಡತೈತಿ. ಮರ್ತೇ ಬಿಟ್ಟಿದ್ನಿ." ನನ್ನ ವಿದ್ಯಾರ್ಥಿಗಳಲ್ಲಿ ಅಷ್ಟು ಶ್ರದ್ಧೆಯವರು ಎಷ್ಟು ಜನ ಇದ್ದರು?

ಮಾತನಾಡುವವರ ಮುಖ ಕಾಣಬೇಕು ಎಂಬ ಪಾಠ ಬಂದ ದಿನ ಎಲ್ಲರನ್ನೂ ಪಡಸಾಲೆಗೆ ಕರೆದಿರಿ.

"ಶೋಭಾ, ಆ ಸೆರಗ ತಗಿ. ನಿನ್ನ ತುಟಿ ಕಾಣದಿದ್ರ ನನಗ ಕೇಳಂಗಿಲ್ಲ."

ಅತ್ತೆಯವರು ಗಾಬರಿಯಾದರು. "ಏನ್ರಿ ಇದು? ಮಂದಿ ಏನಂದಾರು?"

"ಮಂದಿ ಅಂದದ್ದೂ ನನಗ ಕೇಳಂಗಿಲ್ಲ ಬಿಡ."

ಅಂದು ಮೊದಲ ಸಲ ನಿಮ್ಮ ಮುಖ ನೇರವಾಗಿ ನೋಡಿದೆ. ಸಿಟ್ಟು ಎಲ್ಲಿತ್ತು ಅದರಲ್ಲಿ? ಆಮೇಲೆ ಕಿವಿಯ ಅಭ್ಯಾಸಕ್ಕೆಂದು ದಿನವೂ ಒಂದು ಕವಿತೆ ಓದಿಸಿಕೊಂಡಿರಿ. ಓದಿ ಮುಗಿಸಿ ಹೇಗಿತ್ತೆಂದು ಕೇಳಿದರೆ, "ತಿಳೀಲಿಲ್ಲವ್ವಾ. ಆದ್ರ ಎಲ್ಲಾ ಕೇಳಿಸ್ತು" ಎಂದಿರಿ. ಅದಕ್ಕಿಂತ ದೊಡ್ಡ ಮೆಚ್ಚುಗೆ ನನ್ನ ಓದಿಗೆ ಸಿಕ್ಕಿಲ್ಲ.

ಕೊನೆಯ ಪಾಠವೇ ಕಷ್ಟದ್ದು: ಕಿವಿ ಕೇಳದೆಂದು ನಾವೇ ಮೊದಲು ಹೇಳಬೇಕು. ಅದನ್ನು ಕನ್ನಡಿಯ ಮುಂದೆ ಕಲಿತು ಡೇರಿಗೆ ಹೋದಿರಿ. "ನನಗ ಕಿವಿ ಮಂದ ಅದಾವ. ಮಾರಿ ನೋಡಿ, ಒಬ್ಬೊಬ್ಬರಾಗಿ ಮಾತಾಡ್ರಿ." ಯಾರೋ "ನಿಮ್ಮ ಮಾರಿ ಎಷ್ಟಂತ ನೋಡೂದ್ರಿ ಕಾಕಾ?" ಎಂದರಂತೆ. ಎಲ್ಲರೊಂದಿಗೆ ನೀವೂ ನಕ್ಕಿರಿ. ಈ ಸಲ ಸರಿಯಾದ ಹೊತ್ತಿಗೆ.

ನಿಮಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ಈಗ ನನ್ನ ಕಿವಿಯೂ ಮಂದವಾಗಿದೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಏನು ಹೇಳಿದರೂ "ಸರಿ, ಕುಂಡ್ರು" ಎನ್ನುತ್ತಿದ್ದೆ. ಮಷಿನ್ ತಂದೆ, ಎರಡು ವಾರ ಬ್ಯಾಗಿನಲ್ಲೇ ಬಚ್ಚಿಟ್ಟೆ. ಕವಿತೆಯ ಮೇಷ್ಟ್ರಮ್ಮ ಕಿವುಡಿ ಎಂದರೆ... ಕೊನೆಗೆ ನಿಮ್ಮ ನೋಟುಬುಕ್ಕು ತೆರೆದೆ. ನಿನ್ನೆ ಮಷಿನ್ ಹಾಕಿಕೊಂಡು ಕ್ಲಾಸಿಗೆ ಹೋಗಿ, ಡೇರಿಯಲ್ಲಿ ನೀವಾಡಿದ ಮಾತನ್ನೇ ಹೇಳಿದೆ, ನಿಮ್ಮಂತೆಯೇ ನಿಂತು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಮುಂದೆ ಬಂದಳು. ನಾಚಿಕೆಯಿಂದ ಬಾಯಿಗೆ ಅಡ್ಡ ಹಿಡಿದಿದ್ದ ಚೂಡಿದಾರದ ಓಢಣಿಯನ್ನು ತಾನೇ ಇಳಿಸಿ, ನನ್ನ ಮುಖ ನೋಡುತ್ತ ಕವಿತೆ ಓದಿದಳು.

ಎಲ್ಲಾ ಕೇಳಿಸಿತು, ಮಾವಾರ.

ನಿಮ್ಮ ಸೊಸೆ
ಶೋಭಾ