ಇಬ್ಬರ ಟೆಂಟು

ಸೆಪ್ಟೆಂಬರ್ 14, ಭಾನುವಾರ

ಬೆಳಗ್ಗೆ ದೋಸೆ. ಆಶ್ರಿತಾ ತಿಂದದ್ದು ಅರ್ಧ. ಮತ್ತೆ ರೂಮು, ಮತ್ತೆ ಮುಚ್ಚಿದ ಬಾಗಿಲು. ಬೇಸಿಗೆಯಿಂದ ಇದೇ ಕಥೆ. ಹದಿನೇಳು ವರ್ಷ ಅಂದರೆ ಹೀಗೇ ಅಂತ ಇವರು ಹೇಳುತ್ತಾರೆ. ಆದರೆ ಮೊನ್ನೆ ಶಾಲೆಯ ಕೌನ್ಸೆಲರ್ ಫೋನ್ ಮಾಡಿದ್ದರು — ಹುಡುಗಿ ಶಾಲೆಗೆ ಬರುತ್ತಾಳೆ, ಕ್ಲಾಸಿಗೆ ಬರುವುದಿಲ್ಲ, ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೇ ಕೂತಿರುತ್ತಾಳೆ ಅಂತ. ಕೇಳಿದರೆ "ನಥಿಂಗ್, ಅಮ್ಮ."

ಇವತ್ತು ಪಾತ್ರೆ ತೊಳೆಯುವಾಗ ತಾನಾಗಿ ಬಂದು ಪಕ್ಕ ನಿಂತಳು. "ಅಮ್ಮ, ಕ್ಯಾನ್ ವಿ ಗೋ ಕ್ಯಾಂಪಿಂಗ್? ಜಸ್ಟ್ ಯು ಅಂಡ್ ಮಿ."

ಕ್ಯಾಂಪಿಂಗ್! ಫ್ಯಾನ್ ಸದ್ದು ಇಲ್ಲದೆ ನಿದ್ದೆ ಬಾರದ ನನ್ನ ಜೊತೆ! ಫೋನಿನಲ್ಲಿ ಜಾಗ ತೋರಿಸಿದಳು. ಉತ್ತರಕ್ಕೆ, ಸಮುದ್ರದಂಚಿನ ಜೌಗು. ಹುಲ್ಲಿನ ನಡುವೆ ಮರದ ಹಲಗೆಯ ಕಟ್ಟೆ, ಸುತ್ತ ಕೆಸರು, ಉಬ್ಬರ ಬಂದರೆ ನೀರು. ಏಳನೇ ಕ್ಲಾಸಿನಲ್ಲಿ ಹಕ್ಕಿ ಎಣಿಸಲು ಅಲ್ಲಿಗೆ ಹೋಗಿದ್ದಳಂತೆ.

"ಐ ನೀಡ್ ಟು ಟೆಲ್ ಯು ಸಂಥಿಂಗ್. ನಾಟ್ ಹಿಯರ್."

ಈಗಲೇ ಹೇಳು ಅಂದೆ. ತಲೆ ಅಲ್ಲಾಡಿಸಿದಳು. ಆಯಿತು, ಹೋಗುವ ಅಂದೆ.

ಸೆಪ್ಟೆಂಬರ್ 16

ಪರ್ಮಿಟ್ ಸಿಕ್ಕಿತು. ಅಕ್ಟೋಬರ್ 11, ಶನಿವಾರ. ಆಶ್ರಿತಾ ಉಬ್ಬರ-ಇಳಿತದ ವೇಳೆ ನೋಡಿದ್ದಾಳೆ — ಮಧ್ಯಾಹ್ನವೇ ಕಟ್ಟೆ ಸೇರಬೇಕು, ಆಮೇಲೆ ದಾರಿ ಮುಳುಗುತ್ತದೆ. ಟೆಂಟು ಆರ್ಡರ್ ಮಾಡಿದೆ, ಇಬ್ಬರದ್ದು.

ಇವರು ನಕ್ಕದ್ದೇ ನಕ್ಕದ್ದು. "ನೀನಾ? ಟೆಂಟಿನಲ್ಲಾ? ಹಲ್ಲಿ ಕಂಡ್ರೆ ಕುರ್ಚಿ ಹತ್ತುವವಳು, ಮಾರಾಯ್ತಿ!" ಆಮೇಲೆ ಮೆಲ್ಲಗೆ, "ನಾನು ಬರುವುದು ಬೇಡ ಅಂತಾಳಾ?"

ಬೇಡವಂತೆ ಅಂದೆ. ಪಾಪ, ಗ್ಯಾರೇಜಿಗೆ ಹೋಗಿ ಟಾರ್ಚು ಹುಡುಕಿ ತಂದು ಹೊಸ ಬ್ಯಾಟರಿ ಹಾಕಿಟ್ಟರು.

ಸೆಪ್ಟೆಂಬರ್ 21, ಭಾನುವಾರ

ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಸನ್ನಿವೇಲ್ ದೇವಸ್ಥಾನ. ಪ್ರಸಾದದ ಸಾಲು. ಮುಂದೆ ವಾಣಿಶ್ರೀ. ಆಶ್ರಿತಾ ಹುಟ್ಟಿದಾಗ ನನ್ನ ಬಾಣಂತನದಿಂದ ಹಿಡಿದು ಎಲ್ಲದಕ್ಕೂ ಒದಗಿದವಳು, ನಿಜ. "ಅಕ್ಟೋಬರ್ ಹನ್ನೊಂದಕ್ಕೆ ನಮ್ಮನೇಲಿ ಊಟ ಕಣೆ, ತಪ್ಪಿಸ್ಬೇಡ" ಅಂದಳು. ಊರಲ್ಲಿರುವುದಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಕ್ಯಾಂಪಿಂಗ್ ಅಂದುಬಿಟ್ಟೆ.

"ಅಯ್ಯೋ, ನಮಗೆ ಒಂದು ಮಾತು ಹೇಳ್ಬಾರ್ದಿತ್ತಾ? ನಾವೂ ಬರ್ತೀವಿ!"

ಹಿಂದಿದ್ದ ದೀಪಾಲಿ, ಹುಬ್ಬಳ್ಳಿಯವಳು, ದೊನ್ನೆ ಹಿಡಿದುಕೊಂಡೇ, "ಹಂಗಾರ ನಾವೂ ಬರ್ತೀವ್ರೀ ಅಕ್ಕಾ!"

ಬರುತ್ತೇವೆ ಅಂದವರಿಗೆ ಬೇಡ ಅನ್ನುವುದುಂಟಾ? ನಮ್ಮಲ್ಲಿ ಅದನ್ನು ಯಾರೂ ಕಲಿಸಿಲ್ಲ. "ಬನ್ನಿ ಬನ್ನಿ, ಅದಕ್ಕೇನಂತೆ" ಅಂದೆ. ನಗುತ್ತಾ ಬೇರೆ. ಮನೆ ಮುಟ್ಟುವುದರೊಳಗೆ ವಾಟ್ಸಾಪ್ ಗ್ರೂಪು ತಯಾರು. ಹೆಸರು "ಕೆಸರು ಕ್ಯಾಂಪು."

ಸೆಪ್ಟೆಂಬರ್ 23

ವಾಣಿಶ್ರೀ — ಅಲ್ಲಿ ಪ್ಲಗ್ ಪಾಯಿಂಟ್ ಇದೆಯಾ, ರೈಸ್ ಕುಕ್ಕರ್ ತರಬಹುದಾ? ದೀಪಾಲಿ — ರೊಟ್ಟಿ, ಶೇಂಗಾ ಚಟ್ನಿ ನಮ್ಮದು. ಯಾರದೋ ಕೇರಂ ಬೋರ್ಡು, ಯಾರದೋ ಸ್ಪೀಕರು. ಕೆಸರಿನ ಕಟ್ಟೆ ಬೇಡ, ಕಾರು ನಿಲ್ಲಿಸುವ ಹತ್ತಿರದ ದೊಡ್ಡ ಸೈಟು ತೆಗೆದುಕೊಳ್ಳೋಣ ಅಂತಲೂ ಆಯಿತು.

ಸುಳ್ಳು ಯಾಕೆ ಬರೆಯಲಿ, ನನಗೆ ಖುಷಿಯೇ ಆಯಿತು. ಅವಳೊಬ್ಬಳ ಎದುರು ಒಂದು ರಾತ್ರಿ ಪೂರ್ತಿ ಕೂರುವುದಕ್ಕೆ ಒಳಗೊಳಗೇ ಹೆದರಿಕೆ ಇತ್ತು. "ಪುಳಿಯೋಗರೆ ನಮ್ಮದು" ಅಂತ ಟೈಪ್ ಮಾಡಿದೆ.

ಆಶ್ರಿತಾಗೆ ಇನ್ನೂ ಹೇಳಿಲ್ಲ. ನಾಳೆ ಹೇಳಬೇಕು.

ಸೆಪ್ಟೆಂಬರ್ 24

ನಾನು ಹೇಳುವ ಮೊದಲೇ ಗೊತ್ತಾಯಿತು. ವಾಣಿಶ್ರೀಯ ಸಣ್ಣ ಮಗಳು ಸುರಕ್ಷಾ ಮೆಸೇಜ್ ಮಾಡಿದ್ದಳಂತೆ. ಆಶ್ರಿತಾ ಅಡುಗೆಮನೆಗೆ ಬಂದು ನಿಂತಳು. ಕಿರುಚುತ್ತಾಳೆ ಅಂದುಕೊಂಡೆ.

"ಇಟ್ಸ್ ಫೈನ್, ಅಮ್ಮ. ಯು ಗೈಸ್ ಗೋ. ಹ್ಯಾವ್ ಫನ್."

ಅಷ್ಟೇ. ಕಿರುಚಿದ್ದರೇ ಚೆನ್ನಾಗಿತ್ತು. ಕಿರುಚಿದ್ದು ನಾನು, ಮುಚ್ಚಿದ ಬಾಗಿಲಿಗೆ — "ನಾಲ್ಕು ಜನ ಬಂದ್ರೆ ಎಂತ ಕಳ್ಕೊಳ್ತೀ ನೀನು?"

ಇವರು ಸೋಫಾದಿಂದಲೇ, ತಲೆ ಎತ್ತದೆ, "ಅವಳು ಕರೆದದ್ದು ನಿನ್ನನ್ನು ಮಾತ್ರ, ಮಾರಾಯ್ತಿ" ಅಂದರು. ಅವರಿಗೂ ಸರಿಯಾಗಿ ಬೈದೆ.

ಅಕ್ಟೋಬರ್ 3, ಶುಕ್ರವಾರ

ಬರೆಯಲು ಮನಸ್ಸಿರಲಿಲ್ಲ. ಅವಳು ಊಟವನ್ನು ರೂಮಿಗೇ ಒಯ್ಯುತ್ತಾಳೆ, ತಟ್ಟೆ ಹಾಗೇ ವಾಪಸು ಬರುತ್ತದೆ.

ಕೌನ್ಸೆಲರ್ ಮತ್ತೆ ಫೋನ್ ಮಾಡಿದರು. ವಾರವಿಡೀ ಕಾರಿನಲ್ಲೇ ಅಂತೆ. ಆಫೀಸಿನಿಂದ ನೇರ ಶಾಲೆಗೆ ಹೋದೆ. ಅವಳ ಕಾರು ಕೊನೆಯ ಸಾಲಿನಲ್ಲಿತ್ತು. ಸೀಟು ಹಿಂದಕ್ಕೆ ಬಾಗಿಸಿ ಮಲಗಿದ್ದಳು. ಫೋನಿಲ್ಲ, ಹಾಡಿಲ್ಲ. ನಿದ್ದೆ ಅಂದುಕೊಂಡೆ. ಇಲ್ಲ, ಕಣ್ಣು ತೆರೆದೇ ಇತ್ತು. ಸುಮ್ಮನೆ ತಲೆ ಮೇಲಿನ ಕಾರಿನ ಮಾಡು ನೋಡುತ್ತಿದ್ದಳು.

ಗಾಜು ತಟ್ಟಲು ಕೈ ಎತ್ತಿದೆ… ತಟ್ಟಿ ಏನು ಹೇಳಲಿ? ಪುಳಿಯೋಗರೆ ಮಾಡುತ್ತೇನೆ ಅಂತಲಾ?

ಶಾಲೆಯೊಳಗೆ ಹೋಗಿ ಕೌನ್ಸೆಲರ್ ಹತ್ತಿರ ಕೂತೆ. ಅವರು ಡಾಕ್ಟರರ ಅಪಾಯಿಂಟ್‌ಮೆಂಟ್ ಮಾಡಿಸಿಕೊಟ್ಟರು, ಸೋಮವಾರ 13ಕ್ಕೆ. ಅದಕ್ಕಿಂತ ಮೊದಲು ಸಿಗಲಿಲ್ಲ. ನನಗೆ ಹೆದರಿಕೆ ಆಗುತ್ತಿದೆ. ಇವರಿಗೂ.

ಅಕ್ಟೋಬರ್ 4

ವಾಣಿಶ್ರೀಗೆ ಫೋನ್ ಮಾಡಿದೆ. ಜ್ವರ ಅಂತ ಹೇಳಲು ತಯಾರಾಗಿದ್ದೆ. ಆದರೆ ಜ್ವರ ಅಂದರೆ ಸಾರು ತೆಗೆದುಕೊಂಡು ಬಂದೇ ಬಿಡುತ್ತಾಳೆ. ಹಾಗಾಗಿ ನೇರ ಹೇಳಿದೆ.

"ವಾಣಿಶ್ರೀ, ನೀವ್ಯಾರೂ ಬರುವುದು ಬೇಡ."

"ಯಾಕೆ? ನಮ್ಮಿಂದೇನಾದ್ರೂ ತಪ್ಪಾಯ್ತೇನೇ?"

"ಇಲ್ಲ. ಆಶ್ರಿತಾ ಸರಿ ಇಲ್ಲ. ನನ್ನೊಬ್ಬಳ ಹತ್ರ ಮಾತಾಡ್ಬೇಕಂತೆ."

ಮನೆಯ ಹೊರಗೆ ಈ ಮಾತು ಹೇಳಿದ್ದು ಇದೇ ಮೊದಲು. ವಾಣಿಶ್ರೀ "ಸರಿ" ಅಂದು ಫೋನ್ ಇಟ್ಟಳು. ಗ್ರೂಪಿನಿಂದಲೂ ಹೊರಟುಹೋದಳು.

ದೀಪಾಲಿ, "ಬ್ಯಾಸರೇನಿಲ್ರೀ ಅಕ್ಕಾ. ಆದ್ರ ಮೊದ್ಲ ಹೇಳ್ಬೇಕಿತ್ರೀ." ಸರಿಯಾದ ಮಾತು.

ಆಶ್ರಿತಾಳ ಬಾಗಿಲಿಗೆ ಹೇಳಿದೆ, "ಯಾರೂ ಬರುವುದಿಲ್ಲ. ಆ ಕಟ್ಟೆಯೇ. ನಾನು, ನೀನು." ಟೆಂಟಿನ ಚೀಲವನ್ನು ಬಾಗಿಲಿಗೆ ಒರಗಿಸಿಟ್ಟು ಬಂದೆ.

ಅಕ್ಟೋಬರ್ 5

ಚೀಲ ಅಲ್ಲೇ ಇದೆ.

ಅಕ್ಟೋಬರ್ 7

ಆಫೀಸಿನಿಂದ ಬಂದಾಗ ಚೀಲ ಇರಲಿಲ್ಲ. ಅವಳ ರೂಮಿನಲ್ಲಿ ಝಿಪ್ ಎಳೆಯುವ ಸದ್ದು ಕೇಳಿಸಿತು. ಏನೂ ಕೇಳಲಿಲ್ಲ. ಬಾತ್ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಕ್ಟೋಬರ್ 10, ಸಂಜೆ

ಮೊಸರನ್ನ, ಉಪ್ಪಿನಕಾಯಿ, ಎರಡು ಜೊತೆ ಹೆಚ್ಚಿನ ಸಾಕ್ಸು. ಬೆಲ್ ಆಯಿತು. ವಾಣಿಶ್ರೀ. ಚಪ್ಪಲಿ ಬಿಡಲಿಲ್ಲ, ಒಳಗೆ ಬರಲಿಲ್ಲ. ಚಟ್ನಿಪುಡಿ ಡಬ್ಬಿ ಕೈಗಿಟ್ಟಳು. "ಅವಳಿಗಿಷ್ಟ ಅಲ್ವಾ." ಮುಖ ನೋಡಲಿಲ್ಲ. ಇನ್ನೂ ಸಿಟ್ಟಿದೆ. ಇರಲಿ.

ಅಕ್ಟೋಬರ್ 11, ಸಂಜೆ, ಕಟ್ಟೆಯ ಮೇಲೆ

ಬಂದೆವು. ಕೆಸರಲ್ಲಿ ನನ್ನ ಒಂದು ಶೂ ಹೂತೇಹೋಯಿತು. ಊರಿನ ಅಳಿವೆಯ ವಾಸನೆಯೇ ಇಲ್ಲೂ, ಉಪ್ಪು, ಕೊಳೆತ ಹುಲ್ಲು. ಫೋನಿಗೆ ಸಿಗ್ನಲ್ ಇಲ್ಲ. ಟೆಂಟಿನ ಕೋಲು ತಿರುಗುಮುರುಗಾಗಿ ಸಿಕ್ಕಿಸಿದೆ, ಪೂರ್ತಿ ಟೆಂಟು ನನ್ನ ತಲೆ ಮೇಲೆ ಬಿತ್ತು. ಆಶ್ರಿತಾ ನಕ್ಕಳು. ಬೇಸಿಗೆಯಿಂದೀಚೆಗೆ ಮೊದಲ ಸಲ. ಚಟ್ನಿಪುಡಿ ಕಲಸಿಕೊಂಡು ಮೊಸರನ್ನ ಪೂರ್ತಿ ತಿಂದಳು.

ಈಗ ಮೊಣಕಾಲು ಅಪ್ಪಿಕೊಂಡು ಕೂತಿದ್ದಾಳೆ. ಬಿಸಿಲು ಇಳಿಯುತ್ತಿದೆ. ನೀರು ಏರುತ್ತಿದೆ, ಬಂದ ದಾರಿ ಆಗಲೇ ಕಾಣುವುದಿಲ್ಲ. ನಾನು ಬರೆಯುತ್ತಿರುವುದು ಬರೀ ನೆಪಕ್ಕೆ — ದಿಟ್ಟಿಸಿ ನೋಡಿದರೆ ಅವಳ ಮಾತು ಒಳಗೇ ಉಳಿದೀತು ಅಂತ. ಎಲ್ಲಿ ನಾನೇ ಏನಾದರೂ ಒದರಿಬಿಡುತ್ತೇನೋ ಅಂತಲೂ.

"ಅಮ್ಮ."

ಹೂಂ ಅಂದೆ. ತಲೆ ಎತ್ತಲಿಲ್ಲ.

"ನಂಗೆ… ಬೆಳಿಗ್ಗೆ ಏಳ್ಲಿಕ್ಕೆ ಆಗುದಿಲ್ಲ." ಕನ್ನಡದಲ್ಲಿ. ಒಂದೊಂದೇ ಶಬ್ದ ಹುಡುಕಿ. "ತುಂಬ ದಿನದಿಂದ. ಸಮ್ ಡೇಸ್… ನಂಗೆ ಇರುದೇ ಬೇಡ ಅನ್ನಿಸ್ತದೆ, ಅಮ್ಮ."

ಬೈಯಬಾರದು. ಬುದ್ಧಿ ಹೇಳಬಾರದು. ಅವಳ ಹತ್ತಿರ ಹೋಗಿ ಕೂರಬೇಕು. ಪೆನ್ನು ಇಡುತ್ತೇನೆ.